ಬಿಳಿ ಸ್ವಾಮಿಯ ಅಮೇರಿಕಾ, ನಮ್ಮೂರಿನ ಉತ್ತರ

ಅಮೇರಿಕದವನೊಬ್ಬನನ್ನು ಜೊತೆಗೆ ಕರಕೊಂಡು ನಮ್ಮ ಮಂಡ್ಯ ಸೀಮೆ ಸುತ್ತಿದರೆ ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದು ತಾನಾಗೇ ಬಸ್ ಸ್ಟ್ಯಾಂಡಿನಲ್ಲಿ ಕಾದು ನಿಂತಿರುತ್ತದೆ.

ತೊಂಬತ್ತರ ದಶಕದಲ್ಲಿ ನಾನು ಮೇಲುಕೋಟೆಯಲ್ಲಿ ಇಂಗ್ಲಿಷ್ ಮೇಷ್ಟ್ರು. ನಮ್ಮ ಬಾಡಿಗೆ ಮನೆಯ ಮಹಡಿ ಮೇಲೆ, ಸಂಸ್ಕೃತ ಕಲಿಯಲು ಬಂದ ಅಮೇರಿಕದವನೊಬ್ಬನಿದ್ದ. ಪಂಚೆ ಉಟ್ಟು ಓಡಾಡುತ್ತಿದ್ದರಿಂದ ಜನ ಅವನನ್ನು ‘ಬಿಳಿ ಸ್ವಾಮಿ’ ಅನ್ನುತ್ತಿದ್ದರು. ಅವನಿಗೆ ಕನ್ನಡ ಅಷ್ಟಕ್ಕಷ್ಟೆ. ತನ್ನ ದೇಶದ ವಿಚಿತ್ರ ಸಂಗತಿಗಳನ್ನು ಹೇಳುವ ಚಟ ಮಾತ್ರ ಬಹಳ. ರಜಾದಿನ ಅವನನ್ನು ಸುತ್ತಾಡಿಸುವುದು, ಅವನ ಮಾತನ್ನು ಕನ್ನಡಕ್ಕೆ ತಿರುಗಿಸುವುದು, ಅಮೇರಿಕದ ಎದುರು ನಮ್ಮೂರ ಮಾನ ಕಾಯುವುದು, ಮೂರೂ ನನ್ನ ಪಾಲಿಗೇ ಬಂದವು. ಮೂರನೆಯದರ ಚಿಂತೆ ನನಗೆ ಜಾಸ್ತಿ ಇತ್ತು.

ಅಂಚೆಯಲ್ಲಿ ಹೋದ ಮಗು

ಒಂದು ಸಲ ಮಾಕವಳ್ಳಿ ಹತ್ತಿರದ ನಮ್ಮ ಹಳ್ಳಿಗೆ ಕರಕೊಂಡು ಹೋದೆ. ಅವ್ವ ರೊಟ್ಟಿ ತಟ್ಟುತ್ತಿದ್ದಳು. ಇವನು ಒಲೆಯ ಪಕ್ಕ ಕೂತು ಶುರುಮಾಡಿದ. ಹಿಂದೆ ಅಮೇರಿಕದಲ್ಲಿ ಅಂಚೆಯ ಮೂಲಕ ಪಾರ್ಸೆಲ್ ಕಳಿಸುವ ಪದ್ಧತಿ ಹೊಸದಾಗಿ ಬಂದಾಗ, ಕೆಲವು ಅಪ್ಪ ಅಮ್ಮಂದಿರು ಮಗುವನ್ನೇ ಪಾರ್ಸೆಲ್ ಮಾಡಿದ್ದರಂತೆ. ಒಂದು ಹುಡುಗಿ ತೊಟ್ಟ ಕೋಟಿನ ಮೇಲೆ ಸ್ಟಾಂಪು ಅಂಟಿಸಿ ರೈಲಿನಲ್ಲಿ ಅಜ್ಜಿ ಮನೆಗೆ ಕಳಿಸಿದರಂತೆ. ಆಮೇಲೆ ಸರ್ಕಾರ ಇದೆಲ್ಲ ಕೂಡದು ಅಂತ ನಿಲ್ಲಿಸಿತಂತೆ.

ಅವ್ವ ಬೆರಗಾಗುತ್ತಾಳೆ ಅಂದುಕೊಂಡಿದ್ದೆ. ಅವಳು ರೊಟ್ಟಿಯಿಂದ ಕಣ್ಣೆತ್ತಲಿಲ್ಲ.

“ಅದ್ರಲ್ಲೇನದೆ? ರಜ ಬಂದಾಗೆಲ್ಲ ನಿನ್ನೇ ಬಸ್ಸಿನ ಕಂಡಕ್ಟ್ರು ಕೈಗೆ ಕೊಟ್ಟು ನಾಗಮಂಗಲದ ನಿಮ್ಮಜ್ಜಿ ಮನೆಗೆ ಕಳಿಸ್ತಿರ್ನಿಲ್ವಾ? ಸ್ಟಾಂಪೂ ಇಲ್ಲ, ಗೀಂಪೂ ಇಲ್ಲ. ಜೊತೇಲಿ ಒಂದು ಕೋಳಿನೂವೆ ಕಳಿಸ್ತಿದ್ದೆ.”

ಬಿಳಿ ಸ್ವಾಮಿ ಕಣ್ಣರಳಿಸಿ, “ಪಾರ್ಸೆಲ್ ಸರಿಯಾಗಿ ತಲುಪುತ್ತಿತ್ತೇ?” ಅಂತ ನನ್ನ ಬಾಯಲ್ಲಿ ಕೇಳಿಸಿದ.

“ಇವ್ನು ಸರ್ಯಾಗೇ ಓಯ್ತಿದ್ದ. ಕೋಳಿ ಮಾತ್ರ ಒಂದ್ಸಲ ಬಿಂಡಿಗನವಿಲೆ ತಾವ ತಾನೇ ಇಳ್ಕಂಡ್ಬುಡ್ತು.”

ಹಾರಿದ ಹಸು

ಮಾರನೆ ಬೆಳಿಗ್ಗೆ ಊರಿನ ಹಾಲಿನ ಡೈರಿಗೆ ಹೋದೆವು. ಹಾಲು ಹಾಕಲು ಜನ ಕ್ಯಾನು ಹಿಡಿದು ಸಾಲಾಗಿ ನಿಂತಿದ್ದರು. ಅಲ್ಲೂ ಇವನದು ಸುಮ್ಮನಿರುವ ಬಾಯಲ್ಲ. ಅಮೇರಿಕದಲ್ಲಿ ಒಂದು ಹಸುವನ್ನು ವಿಮಾನಕ್ಕೆ ಹತ್ತಿಸಿ, ಆಕಾಶದಲ್ಲೇ ಹಾಲು ಕರೆದು, ಆ ಹಾಲನ್ನು ಡಬ್ಬಿಗಳಿಗೆ ತುಂಬಿ, ಪುಟ್ಟ ಪ್ಯಾರಾಚೂಟ್ ಕಟ್ಟಿ ಕೆಳಗಿಳಿಸಿದ್ದರಂತೆ.

ನಾನು ಹೇಳಿ ಮುಗಿಸಿದೆ. ಡೈರಿ ಕಾರ್ಯದರ್ಶಿ ಗಂಭೀರವಾಗಿ ಕೇಳಿದ, “ಫ್ಯಾಟ್ ಎಷ್ಟು ಬಂತಂತೆ ಮೇಷ್ಟ್ರೇ?”

ಸಾಲಿನಲ್ಲಿದ್ದ ಮುದುಕನೊಬ್ಬ ನಡುವೆ ಬಾಯಿ ಹಾಕಿದ. “ಅದೇನ್ಲಾ ಕೇಳ್ತೀಯ? ಅಷ್ಟು ಮ್ಯಾಲೆ ಬೆರೆಸಕೆ ನೀರೆಲ್ಲಿ ಸಿಕ್ಕದು? ಗಟ್ಟಿ ಹಾಲೇ ಇರ್ತದೆ!”

ಕಾರ್ಯದರ್ಶಿ ಆ ಮುದುಕನ ಕ್ಯಾನನ್ನೇ ಒಂದು ಗಳಿಗೆ ದಿಟ್ಟಿಸಿದ. “ಅಂಗಾದ್ರೆ ನಾಳೆಯಿಂದ ನಿನ್ನ ಹಸಾನೂ ಮ್ಯಾಲಕ್ಕೇ ಕಳ್ಸು ತಾತ.”

ಸಂತೆಯ ತೀರ್ಪು

ಕೆ.ಆರ್. ಪೇಟೆ ಸಂತೆಯಲ್ಲಿ ಟೊಮೊಟೊ ರಾಶಿ ಕಂಡದ್ದೇ ಇವನಿಗೆ ಇನ್ನೊಂದು ನೆನಪಾಯಿತು. ಟೊಮೊಟೊ ಹಣ್ಣೋ ತರಕಾರಿಯೋ ಅಂತ ಅವರ ದೇಶದಲ್ಲಿ ಸುಂಕದ ವಿಷಯಕ್ಕೆ ಜಗಳವಾಗಿ, ಸುಪ್ರೀಂ ಕೋರ್ಟಿನ ತನಕ ಹೋಗಿ, ಜಡ್ಜುಗಳು ‘ತರಕಾರಿ’ ಅಂತ ತೀರ್ಪು ಕೊಟ್ಟರಂತೆ.

ಮಾರುವ ಹೆಂಗಸು ತಕ್ಕಡಿ ಕೆಳಗಿಟ್ಟು ಕೇಳಿಸಿಕೊಂಡಳು. “ಸಾರಿಗಾಕುದ್ರೆ ತರಕಾರಿ, ಉಪ್ಪಚ್ಕಂಡು ತಿಂದ್ರೆ ಹಣ್ಣು. ಇದ್ಕೆ ಕೋರ್ಟ್ಯಾಕೆ?” ಅಂದವಳು, ಅವನ ಕಡೆ ಮರುಕದಿಂದ ನೋಡಿದಳು. “ತೀರ್ಪು ಬರೋಗಂಟ ಮಾಲು ಕೊಳ್ತೋಗಿರ್ಬೇಕು ಪಾಪ. ತಗಳಿ ಸ್ವಾಮಿ, ಇವು ಇವತ್ತು ಕಿತ್ತಿರವು.”

ಅವತ್ತು ಅವನು ಚೀಲದ ತುಂಬ ಕೊಂಡ. ನನಗೆ ನಾನೇ ಕೇಸು ಗೆದ್ದಷ್ಟು ಹೆಮ್ಮೆ.

ನವಾಬರ ಹಡಗು

ಕೊನೆಗೆ ಶ್ರೀರಂಗಪಟ್ಟಣ. ಗುಂಬಜಿನ ಒಳಗೆ, ಮಗನ ಪಕ್ಕದಲ್ಲಿ ಮಲಗಿರುವ ಹಳೇ ನವಾಬರ ಹೆಸರು ಹೇಳಿದೆ. ಬಿಳಿ ಸ್ವಾಮಿ ಸರಕ್ಕನೆ ನನ್ನ ಕಡೆ ತಿರುಗಿದ. ಆಮೇಲೆ ಮೆಲ್ಲಗೆ ಹೇಳಿದ. ಅಮೇರಿಕದವರು ಸ್ವಾತಂತ್ರ್ಯಕ್ಕಾಗಿ ಬ್ರಿಟಿಷರ ಜೊತೆ ಕಾದಾಡುತ್ತಿದ್ದಾಗ, ಪೆನ್ಸಿಲ್ವೇನಿಯಾದವರ ಒಂದು ಯುದ್ಧದ ಹಡಗಿಗೆ ಈ ನವಾಬರ ಹೆಸರೇ ಇತ್ತಂತೆ. ಅದು ತನಗಿಂತ ದೊಡ್ಡ ಬ್ರಿಟಿಷ್ ಹಡಗೊಂದನ್ನು ಸೋಲಿಸಿ ಹಿಡಿದು ತಂದಿತಂತೆ.

ಸಮುದ್ರವನ್ನೇ ಕಾಣದ ನಮ್ಮ ಸೀಮೆಯ ಹೆಸರು ಅಷ್ಟು ದೂರದ ನೀರಿನಲ್ಲಿ ತೇಲಿ, ಗೆದ್ದಿತ್ತು!

ಪಾಂಡವಪುರದ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಬ್ಬರೂ ಕಂಬಿ ಹಿಡಿದು ನಿಂತೆವು. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲಲಿಲ್ಲ, ಪಕ್ಕದವನಿಗೆ ಹೇಳಿಬಿಟ್ಟೆ. ಅವನು ಹಿಂದಿನವನಿಗೆ ಹೇಳಿದ. ಸುದ್ದಿ ಹಿಂದಿನ ಸೀಟು ಮುಟ್ಟುವಷ್ಟರಲ್ಲಿ ಒಂದು ಹಡಗು ಹತ್ತಾಗಿತ್ತು. ಅಲ್ಲಿಂದ ತಿರುಗಿ ಮುಂದಕ್ಕೆ ಬರುವಷ್ಟರಲ್ಲಿ ನವಾಬರೇ ಖುದ್ದಾಗಿ ಅಮೇರಿಕಕ್ಕೆ ಹೋಗಿ, ಬ್ರಿಟಿಷರನ್ನು ಓಡಿಸಿ, ದೇಶದ ಕೀಲಿ ಅಮೇರಿಕದವರ ಕೈಗೆ ಕೊಟ್ಟು ವಾಪಸು ಬಂದಿದ್ದರು. “ಹೆಸರು ಮಾತ್ರ ಕಣ್ರಪ್ಪಾ, ಬರೀ ಹೆಸರು!” ಅಂತ ಕೂಗಿದೆ. ಯಾರು ಕೇಳಬೇಕು?

ಹೆಗಲ ಮೇಲೆ ಟವೆಲು ಹೊದ್ದ ಯಜಮಾನರೊಬ್ಬರು ಜನರನ್ನು ಸರಿಸಿಕೊಂಡು ಬಂದು, ಬೆವರು ಸುರಿಸುತ್ತಿದ್ದ ಬಿಳಿ ಸ್ವಾಮಿಯನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಕಿಟಕಿ ಪಕ್ಕ ಆರಾಮಾಗಿ ಕೂತಿದ್ದ ಗಡವ ಹುಡುಗನೊಬ್ಬನ ಕಡೆ ತಿರುಗಿ ಗುಡುಗಿದರು:

“ಲೇ, ಎದ್ದೇಳ್ಲಾ ಮ್ಯಾಕೆ! ಇವ್ರಿಗೆ ದೇಶನೇ ಬುಡುಸ್ಕೊಟ್ಟಿದ್ದೀವಿ, ಒಂದು ಸೀಟು ಬುಡುಸ್ಕೊಡಕಾಗಕಿಲ್ವಾ?”