ಅರ್ಧ ಸುಟ್ಟ ಸಕ್ಕರೆ

ನಮ್ಮ ಮನೆಯವರು ಯಾರನ್ನೂ ಕೆಟ್ಟವರೆಂದು ಒಪ್ಪಿದವರಲ್ಲ. ಇದನ್ನು ಸಂತರ ಗುಣವೆಂದು ತಿಳಿಯಬೇಡಿ. ಬ್ಯಾಕ್ಟೀರಿಯಾಗಳ ಸಹವಾಸದ ಫಲ! ಅವರು ತೀರಿಹೋಗಿ ಎಂಟು ತಿಂಗಳಾಯಿತು. ಕೊನೆಯ ದಿನ ನಾನಾಡಿದ ಒಂದು ಮಾತನ್ನು ಅವರು ಹೇಗೆ ತೆಗೆದುಕೊಂಡರೋ ಎಂದು ಯೋಚಿಸುವಾಗಲೆಲ್ಲ ಆ ಬ್ಯಾಕ್ಟೀರಿಯಾಗಳೇ ಅಡ್ಡ ಬರುತ್ತವೆ.

ಭಾಂಡುಪ್‌ನ ಕಾರ್ಖಾನೆಯೊಂದರಲ್ಲಿ ಸಕ್ಕರೆ ನೀರಿನಲ್ಲಿ ಬ್ಯಾಕ್ಟೀರಿಯಾ ಸಾಕಿ, ಅವುಗಳಿಂದ ಆಮ್ಲ ತೆಗೆಸುವುದು ಅವರ ಕೆಲಸ. ಧಾರವಾಡದಿಂದ ಮದುವೆಯಾಗಿ ಬಂದ ವಾರಕ್ಕೇ ನನಗೆ ಪಾಠ ಶುರುವಾಯಿತು.

"ಅವಕ್ಕ ಶಕ್ತಿ ಕಡಿಮಿ ಬಿತ್ತಂದ್ರ ಸಕ್ರಿ ಪೂರಾ ಸುಡೂ ಅಷ್ಟು ವ್ಯಾಳ್ಯಾ ಇರೂದಿಲ್ಲ. ಒಳಗ ಒಯ್ಯದ ಬಾಗಲದಾಗ ನಿಂತ ಅರ್ಧಾ ಸುಟ್ಟು, ಸಿಕ್ಕಷ್ಟು ಶಕ್ತಿ ತಗೊಂಡು, ಉಳಿದದ್ದು ಹುಳಿ ಮಾಡಿ ಹೊರಗ ಚೆಲ್ಲತಾವ. ಪಾಪ."

"ಪಾಪ ನಾನರಿ. ಚಪಾತಿ ಆರಿ ಹಪ್ಪಳ ಆಗ್ಯಾವ."

ಇದೇ ಪಾಠವನ್ನು ಮ್ಯಾನೇಜರಿಗೂ ಹೇಳಿದರು. ಅವನಿಗೆ ಮಹದಾನಂದ. ತ್ರಾಸ ಕೊಟ್ಟರೆ ಆಮ್ಲ ಹೆಚ್ಚು ಬರುವುದಾದರೆ ಕೊಡಿ ತ್ರಾಸ ಎಂದ. ಆ ವರ್ಷ ಸಿಬ್ಬಂದಿಯನ್ನೂ ಅರ್ಧಕ್ಕಿಳಿಸಿದ. ವಿಜ್ಞಾನ ಎಲ್ಲರಿಗೂ ಒಂದೇ ಅಲ್ಲವೇ? ಬ್ಯಾಕ್ಟೀರಿಯಾಗಳಿಂದಲೂ ಉಳಿದ ಸಿಬ್ಬಂದಿಯ ಬಾಯಿಂದಲೂ ಹುಳಿ ಸುರಿಯಿತು.

ಒಮ್ಮೆ ಲೋಕಲ್ ರೈಲಿನಲ್ಲಿ ನಾವಿಬ್ಬರೂ ಹೋಗುವಾಗ ಒಬ್ಬ ಇವರನ್ನು ಬಾಯಿಗೆ ಬಂದಂತೆ ಬೈದ. ಇವರು ಬಿಸ್ಕತ್ತಿನ ಪುಡಿಕೆ ಚಾಚಿದರು. "ಖಾವೋ ಭಾಯ್, ಥಕ್ ಗಯೇ ಹೋ." ತಿನ್ನಪ್ಪಾ, ದಣಿದಿದ್ದೀ ಎಂದು. ಬಿಸ್ಕತ್ತಿನಲ್ಲಿ ಮದ್ದು ಬೆರೆಸಿ ದೋಚುವವರಿರಬೇಕೆಂದು ಅವನು ಗಾಬರಿಯಾಗಿ ಎದ್ದು ಹೋದ. ನಮಗೆ ಕಿಟಕಿಯ ಸೀಟು ಸಿಕ್ಕಿತು.

"ನೋಡಿದೇನ, ಬೈಗಳಾ ನಿಂತವು," ಎಂದರು.

ಆಮೇಲೆ ಇವರು ಆಸ್ಪತ್ರೆ ಸೇರಿದರು. ಹನ್ನೊಂದನೆಯ ದಿನ, ಅದೇ ಕೊನೆಯ ದಿನ, ಮಧ್ಯಾಹ್ನ ಖಿಚಡಿ ಬೇಡವೆಂದು ಮುಖ ತಿರುಗಿಸಿದರು. ನನ್ನ ಕೈಯಲ್ಲಿ ಚಮಚ ಹಾಗೇ ಉಳಿಯಿತು.

"ಸಾಯೂದ ಇದ್ರ ಲಗೂನ ಸಾಯ್ರಿ. ನನಗರೆ ಸಾಕಾಗೇದ."

ಪಕ್ಕದ ಹಾಸಿಗೆಯವರು ತಿರುಗಿ ನೋಡಿದರು. ನುಂಗಿಕೊಳ್ಳಬಹುದಾಗಿದ್ದ ಮಾತು, ಹೊರಬಿದ್ದಿತ್ತು. ಇವರು ಬಹಳ ಹೊತ್ತು ನನ್ನನ್ನೇ ದಿಟ್ಟಿಸಿದರು. ಸಿಟ್ಟಿರಲಿಲ್ಲ. ಕಾರ್ಖಾನೆಯಲ್ಲಿ ಗಾಜಿನ ಪಾತ್ರೆ ಎತ್ತಿ ಬೆಳಕಿಗೆ ಹಿಡಿದಾಗಲೂ ಹೀಗೇ ನೋಡುತ್ತಿದ್ದರೇನೋ. ಬೆರಳಿನಿಂದ ತಟ್ಟೆಯನ್ನು ನನ್ನ ಕಡೆ ಸರಿಸಿದರು.

"ಮೊದಲ ನೀ ಉಣ್ಣು. ಆಮ್ಯಾಲ ಬೈಯಿ."

ಉಂಡೆ. ತಟ್ಟೆ ಬರಿದಾಗುವ ತನಕ ಕಾದರು.

"ಹೂಂ, ಈಗ ಬೈಯಿ," ಎಂದು ಕಣ್ಣು ಮುಚ್ಚಿದರು.

ಬೈಗಳು ನಿಂತಿದ್ದವು; ನಾನು ಅವರ ಹೊದಿಕೆ ಸರಿಪಡಿಸಿದೆ.