ಚಂದ್ರಿ ತಿಂದದ್ದು ಎಲ್ಲಿ ಹೋಗುತ್ತಿತ್ತು?

ನಮ್ಮ ಚಂದ್ರಿ ಮಹಾ ಕಳ್ಳಿ ಎಂದು ನಾನು ತೀರ್ಮಾನಿಸಿದ್ದು ೧೯೯೮ರ ಶ್ರಾವಣದಲ್ಲಿ. (ಚಂದ್ರಿ ನಮ್ಮ ಆಕಳು. ಹೆಂಡತಿಯ ಹೆಸರು ಮಹಾನಂದಾ. ಆಕೆಯನ್ನು ಕಳ್ಳಿ ಎನ್ನುವ ಧೈರ್ಯ ನನಗಿಲ್ಲ.)

ಕಿತ್ತೂರಿನಲ್ಲಿ ದನದ ಡಾಕ್ಟರೊಬ್ಬರ ಭಾಷಣ ಕೇಳಿ ಬಂದಿದ್ದೆ. ಆಕಳು ತಿಂದ ಮೇವಿನ ಶಕ್ತಿ ಸುಮ್ಮನೆ ಮಾಯವಾಗುವುದಿಲ್ಲವಂತೆ. ಒಂದು ಪಾಲು ಸೆಗಣಿಗೆ, ಒಂದು ಪಾಲು ತೇಗಿಗೆ, ಒಂದು ಮೈಯ ಕಾವಿಗೆ, ಉಳಿದದ್ದು ಹಾಲಿಗೆ. ಶಾಲೆಯ ಮಾಸ್ತರನಾದ ನನಗೆ ಇಷ್ಟು ಸಾಕಾಯಿತು. ಮರುದಿನವೇ ತಕ್ಕಡಿ, ನೋಟುಬುಕ್ಕು ಹಿಡಿದು ಕೊಟ್ಟಿಗೆಯಲ್ಲಿ ಪೀಠಾರೋಹಣ ಮಾಡಿದೆ. ಜೋಳದ ದಂಟಿನ ಕಣಿಕೆ ತೂಗಿದೆ, ಹಿಂಡಿ ತೂಗಿದೆ, ಮೂಗು ಮುಚ್ಚಿಕೊಂಡು ಸೆಗಣಿಯನ್ನೂ ತೂಗಿದೆ. ತೇಗು ಎಣಿಸಲು ಚಂದ್ರಿಯ ಬಾಯಿಯ ಹತ್ತಿರ ಕಿವಿಯಿಟ್ಟು ಕೂತಾಗ ಅದು ನನ್ನ ಕಿವಿ ನೆಕ್ಕಿತು.

"ಒಳಗ ಏನರ ಐತೇನಂತ ಅದೂ ಹುಡಕಾಕತ್ತೈತ್ರಿ," ಎಂದಳು ಮಹಾನಂದಾ.

ಮೂರು ವಾರ ಕಳೆಯಿತು. ಮೇವು ಅಷ್ಟೇ, ಸೆಗಣಿ ಅಷ್ಟೇ, ಹಾಲು ಮಾತ್ರ ನಾಲ್ಕು ಲೀಟರಿನಿಂದ ಎರಡಕ್ಕಿಳಿಯಿತು. ಶಕ್ತಿಯ ಹಾಡಹಗಲ ಅಪಹರಣ!

"ಇದನ್ನ ಮಾರಿಬಿಡೂಣು," ಎಂದು ಹೆಂಡತಿಗೆ ಹೇಳಿ, ಬೈಲಹೊಂಗಲದ ದನದ ವ್ಯಾಪಾರಿ ಪರಪ್ಪನಿಗೆ ಸುದ್ದಿ ಕಳಿಸಿದೆ. ಮಹಾನಂದಾ ಎರಡು ದಿನ ನನ್ನನ್ನೊಮ್ಮೆ, ಚಂದ್ರಿಯನ್ನೊಮ್ಮೆ ನೋಡುತ್ತ ಓಡಾಡಿದಳು.

ರವಿವಾರ ಬೆಳಿಗ್ಗೆ ಪರಪ್ಪ ಹಗ್ಗ ಹಿಡಿದು ಬಂದೇಬಿಟ್ಟ. ಆಗ ಮಹಾನಂದಾ ನನ್ನ ಕೈ ಹಿಡಿದು ಕೊಟ್ಟಿಗೆಗೆ ಎಳೆದೊಯ್ದು, ಚಂದ್ರಿಯ ಬಲಪಕ್ಕೆಯ ಮೇಲೆ ಒತ್ತಿ ಹಿಡಿದಳು. ಒಳಗಿನಿಂದ ಏನೋ ಒದೆಯಿತು.

"ಏನಿದು?"

"ಕರ. ಏಳ ತಿಂಗಳ ಗಬ್ಬ ಐತ್ರಿ. ತಿಂದದ್ದು ಅದಕ್ಕ ಹೋಗಾಕತ್ತೈತಿ."

"ನನಗ್ಯಾಕ ಹೇಳಲಿಲ್ಲ?"

"ಬ್ಯಾಸಗ್ಯಾಗ ಹೇಳಿದ್ನೆಲ್ರಿ! ನೀವು ಪೇಪರ್ ಓದಕೋಂತ 'ಹೂಂ' ಅಂದ್ರಿ. ಈ ಎರಡ ದಿನಾನೂ ಕಾದ್ನಿ, ನಿಮಗ ತಾನ ಹೊಳೀತೈತೇನಂತ."

"ನಿನಗ ಹೆಂಗ ತಿಳೀತು?"

"ನಾಕ ಹಡದಾಕಿಗೆ ಇದನ್ನ ತಿಳ್ಯಾಕ ತಕ್ಕಡಿ ಬೇಕೇನ್ರಿ?"

ನನ್ನ ನೋಟುಬುಕ್ಕಿನಲ್ಲಿ ತೇಗಿಗೂ ಒಂದು ಖಾನೆ ಇತ್ತು, ಕರುವಿಗೆ ಇರಲಿಲ್ಲ. ಕೈ ತೆಗೆಯಲು ಮನಸ್ಸಾಗಲಿಲ್ಲ. ಕರು ಇನ್ನೊಮ್ಮೆ ಒದೆಯಿತು. ಚಂದ್ರಿ ಹಿಂತಿರುಗಿ ನೋಡಿ, ನನ್ನನ್ನು ಕ್ಷಮಿಸಿದಂತೆ ಕಣಿಕೆ ಅಗಿಯತೊಡಗಿತು.

ಹೊರಗೆ ಪರಪ್ಪ ಕೆಮ್ಮಿದ. ಮಹಾನಂದಾ ನನ್ನನ್ನೂ ಎಳೆದುಕೊಂಡು ಬಾಗಿಲಿಗೆ ಬಂದಳು. "ಆಕಳ ಕೊಡೂದಿಲ್ಲ ಪರಪ್ಪಣ್ಣ. ಅಷ್ಟ ದೂರದಿಂದ ಬಂದೀರಿ, ಬೇಕಾದ್ರ ನಮ್ಮ ಮಾಸ್ತರನ್ನ ಹೊಡಕೊಂಡ ಹೋಗ್ರಿ."

ಪರಪ್ಪ ಪಕ್ಕಾ ವ್ಯಾಪಾರಿ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದ: "ದಿನಕ್ಕ ಎಷ್ಟ ತಿಂತಾರ್ರಿ?"

ನನ್ನ ಕೈಗೆ ಹತ್ತಿದ ಸೆಗಣಿಯನ್ನು ಸೆರಗಿನಿಂದ ಒರೆಸುತ್ತ ಮಹಾನಂದಾ ಹೇಳಿದಳು: "ಇಪ್ಪತ್ತ ವರ್ಷದಾಗ ಒಮ್ಮಿನೂ ತೂಗಿಲ್ರಿ."