ಗೆದ್ದವರೇ ಹಲಗೂರಿಗೆ ಹೋಗಬೇಕು

ಭಾನುವಾರ ಮುದ್ದೆ ಉಂಡು, ಫ್ಯಾನಿನ ಕೆಳಗಿನ ನವಾರು ಮಂಚದಲ್ಲಿ ಒಂದು ನಿದ್ದೆ ತೆಗೆಯದಿದ್ದರೆ ಚಲುವರಾಜುವಿಗೆ ವಾರವೆಲ್ಲ ದಂಡ. ಆ ಮಂಚದ ಮೇಲೆ ಈಗ ಮಾವ ಮಾದಯ್ಯ ಮಲಗಿದ್ದರು. ಹಲ್ಲು ಕೀಳಿಸಿಕೊಳ್ಳಲು ಹಲಗೂರಿನಿಂದ ಮದ್ದೂರಿಗೆ ಬಂದವರು. ಹಲ್ಲು ಹೋಯಿತು, ಮಾವ ಹೋಗಲಿಲ್ಲ.

"ಮಾವ, ಊರಲ್ಲಿ ಎಮ್ಮೆ ಈಯೋ ಹಂಗೈತಂತೆ. ಯಾರಾದ್ರೂ ಗಂಡಸ್ರು ಬನ್ನಿ ಅಂತ ಅತ್ತೆ ಫೋನ್ ಮಾಡಿದ್ರು."

"ಈಯ್ತದೆ ಬುಡಿ ಅಳಿಯಂದ್ರೆ. ಫ್ಯಾನು ಒಸಿ ಜೋರಾಗಿ ಇಡಿ."

ಬಾಯಿಬಿಟ್ಟು ಹೋಗಿ ಅನ್ನುವಂತಿಲ್ಲ. ಹೆಂಡತಿ ರಂಜಿತಳ ಕಿವಿ ಅಡುಗೆಮನೆಯಿಂದಲೇ ಇತ್ತ ನೆಟ್ಟಿತ್ತು. ಚಲುವರಾಜು ಉಪಾಯ ಮಾಡಿ, ದಾಳ ಉರುಳಿಸಿ ರಾಜ್ಯ ಗೆಲ್ಲುವ ಆಟದ ನಕ್ಷೆ ತಂದು ಹರಡಿದ.

"ಕಾಣದಿರೋ ದೇಸ ಗೆದ್ದು ಏನ್ ಮಾಡವ?" ಅಂದರು ಮಾವ. ಸರಿ, ದೇಶಗಳ ಮೇಲೆ ಚೀಟಿ ಅಂಟಿಸಿ ಮಳವಳ್ಳಿ, ನಿಡಘಟ್ಟ, ಹಲಗೂರು ಅಂತ ಬರೆದದ್ದಾಯಿತು. ಮಾವನ ಸೈನ್ಯ ಹುರುಳಿಕಾಳು, ಅಳಿಯನದು ಹುರಿಗಡಲೆ.

"ಹಲಗೂರು ನಾನು ಗೆದ್ರೆ ಮಂಚ ನಂದು ಮಾವ!"

ಪಕ್ಕದ ಮನೆಯ ಕಸ್ತೂರಿರಂಗ ಮೇಷ್ಟ್ರು ಕರೆಯದೆಯೇ ಬಂದು ತೀರ್ಪುಗಾರರಾಗಿ ಕೂತರು. "ಮೊದಲು ನಿಯಮ ಗಟ್ಟಿಯಾಗಿ ಓದಿ. ಆಮೇಲೆ ತಕರಾರು ಬೇಡ."

ಚಲುವರಾಜು ಓದಿದ. ಮೇಲೆ ಬೀಳುವವನಿಗೆ ಮೂರು ದಾಳ, ಊರು ಕಾಯುವವನಿಗೆ ಎರಡು. ಸಮ ಬಿದ್ದರೆ ಕಾಯುವವನದೇ ಗೆಲುವು. ಗೆದ್ದ ಊರನ್ನು ಖಾಲಿ ಬಿಡುವಂತಿಲ್ಲ, ಗೆದ್ದವನು ಅಲ್ಲಿಗೆ ಹೋಗಿ ಕೂರಬೇಕು.

"ಆಗ್ಲಿ" ಎಂದು ಮಾವ ಮಲಗಿದಲ್ಲಿಂದಲೇ ದಿಂಬಿನ ಮೇಲೆ ದಾಳ ಎಸೆದರು.

ಅಳಿಯನಿಗೆ ಆರು ಬಿದ್ದರೆ ಮಾವನಿಗೂ ಆರು. ಐದಕ್ಕೆ ಐದು. "ಸಮ!" ಎಂದು ಮೇಷ್ಟ್ರು ಪ್ರತಿಸಲ ಕೂಗಿ, ಸತ್ತ ಹುರಿಗಡಲೆಯನ್ನು ಬಾಯಿಗೆ ಹಾಕಿಕೊಂಡರು. ಆಮೇಲೆ ಬದುಕಿದ್ದವನ್ನೂ.

"ಮೇಷ್ಟ್ರೇ, ಅದು ನನ್ನ ಸೈನ್ಯ!"

"ಉಪ್ಪು ಸ್ವಲ್ಪ ಕಮ್ಮಿ, ಚಲುವರಾಜು."

ಅಂತೂ ಅಳಿಯನ ಕಡೆಗೂ ದಾಳ ತಿರುಗಿ, ಕೊನೆಗೆ ಹಲಗೂರಿನಲ್ಲಿ ಮಾವನದು ಒಂದೇ ಹುರುಳಿಕಾಳು ಉಳಿಯಿತು. ಚಲುವರಾಜು ಕಣ್ಣು ಮುಚ್ಚಿ ಎಸೆದ. ಆರು! ಮಾವನಿಗೆ ಐದು. ಅವನು ಕುಣಿದ ರಭಸಕ್ಕೆ ಮಳವಳ್ಳಿ ಚೆಲ್ಲಾಪಿಲ್ಲಿಯಾಯಿತು.

ಮಾವ ಮಂಚದಿಂದ ಎದ್ದರು. ಆಹಾ! ಚಲುವರಾಜು ಆಗಲೇ ದಿಂಬು ಕೊಡವಿದ. ಮಾವ ಬಾಗಿಲ ಬಳಿ ಹೋಗಿ ಅಳಿಯನ ಚಪ್ಪಲಿ ಜೋಡಿಸಿಟ್ಟು ಬಂದರು.

"ಅಲಗೂರ್ ಬಸ್ಸು ಬರೋ ಟೈಮಾಯ್ತು. ನಡೀರಿ ಅಳಿಯಂದ್ರೆ."

"ನಾನಾ?"

"ಗೆದ್ದೋನು ಅಲ್ಲಿಗೋಗಿ ಕೂತ್ಕಬೇಕು, ಊರು ಕಾಲಿ ಬುಡಂಗಿಲ್ಲ ಅಂತ ನೀವೇ ಓದುದ್ರಲ್ಲಾ!"

ಚಲುವರಾಜು ಮೇಷ್ಟ್ರ ಮುಖ ನೋಡಿದ. "ನಿಯಮ ಅಂದ್ರೆ ನಿಯಮ" ಅಂದರು ಮೇಷ್ಟ್ರು, ಬಾಯಿ ತುಂಬ ಕಡಲೆ. ರಂಜಿತ ಲುಂಗಿ, ಟವೆಲ್ಲು ಚೀಲಕ್ಕೆ ತುರುಕಿಯಾಗಿತ್ತು. "ಅವ್ವ ಒಬ್ಳೇ ಅವ್ಳೆ ಕಣ್ರೀ, ಹೋಗ್ಬನ್ನಿ."

"ಮತ್ತೆ ನನ್ನ ಮಂಚ?"

"ನಿಮ್ದೇ! ಯಾರಿಲ್ಲ ಅಂದೋರು?" ಮಾವ ಮತ್ತೆ ಕಾಲು ಚಾಚಿದರು. "ನೀವು ಬರೋಗಂಟ ಕಾಯ್ತಾ ಇರ್ತೀನಿ."

ಹಲಗೂರಿನ ಮೇಲೆ ಹೋಗುವ ಕನಕಪುರದ ಬಸ್ಸಿನಲ್ಲಿ ಚಲುವರಾಜುವಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ತಣ್ಣನೆ ಗಾಳಿ, ಹೊಟ್ಟೆ ತುಂಬ ಮುದ್ದೆ. ಮಳವಳ್ಳಿ ಬರುವಷ್ಟರಲ್ಲಿ ಅವನಿಗೆ ವಾರದ ನಿದ್ದೆ ಸುಖವಾಗಿ ಹತ್ತಿತು. ಎಷ್ಟು ಸುಖವಾಗಿ ಅಂದರೆ, ತಾನು ಗೆದ್ದ ಹಲಗೂರು ದಾಟಿಹೋದದ್ದೂ ಗೊತ್ತಾಗಲಿಲ್ಲ.